ನಾಲೆಯ ನೀರು, ಮತದ ಪೆಟ್ಟಿಗೆ: ಮಂಡ್ಯ ಲೋಕಸಭಾ ಕ್ಷೇತ್ರದ ಕಥೆ



ಮಂಡ್ಯದವರು ಪಕ್ಷವನ್ನು ನೋಡುವುದಿಲ್ಲ, ವ್ಯಕ್ತಿಯನ್ನು ನೋಡಿ ಮತ ಹಾಕುತ್ತಾರೆ ಎಂಬ ಮಾತು ಪ್ರತಿ ಚುನಾವಣೆಯಲ್ಲಿಯೂ ಕೇಳಿಬರುತ್ತದೆ. ಹೊರಗಿನವರು ಇದನ್ನು ನಗೆಯಾಡುತ್ತ ಹೇಳಿದರೆ ನಮ್ಮವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಈ ಸೀಮೆಯ ಮಕ್ಕಳಿಗೆ ಸಮಾಜ ವಿಜ್ಞಾನವನ್ನು ಬೋಧಿಸಿದ ನನಗೆ ಇದು ಅರ್ಧ ಸತ್ಯವೆಂದು ತೋರುತ್ತದೆ. ನಮ್ಮ ಮತದಾರನು ವ್ಯಕ್ತಿಯನ್ನು ನೋಡುವುದು ನಿಜ. ಆದರೆ ನೀರಿನ ಪ್ರಶ್ನೆ ಬಂದಾಗ ಆ ವ್ಯಕ್ತಿ ಎಲ್ಲಿ ನಿಲ್ಲುತ್ತಾನೆಂಬುದನ್ನು ಅಳೆಯಲು ನೋಡುತ್ತಾನೆ. ಈ ಮಾತನ್ನು ಇತಿಹಾಸದ ಆಧಾರದಿಂದ ವಿವರಿಸಲು ಯತ್ನಿಸುತ್ತೇನೆ.

ಮೊದಲು ನೆಲದ ಸಂಗತಿ. ಶ್ರೀರಂಗಪಟ್ಟಣದ ಸುತ್ತ ಒಡೆಯರ ಕಾಲದಿಂದಲೂ ನಾಲೆಗಳಿದ್ದವು. 1911ರಲ್ಲಿ ಕನ್ನಂಬಾಡಿಯಲ್ಲಿ ಅಣೆಕಟ್ಟೆಯ ಕೆಲಸ ಆರಂಭವಾಯಿತು. ಮುಂದೆ ವಿಶ್ವೇಶ್ವರಯ್ಯ ನಾಲೆಯೆಂದು ಹೆಸರು ಪಡೆದ ಇರ್ವಿನ್ ನಾಲೆ ಹುಲಿಕೆರೆಯ ಸುರಂಗವನ್ನು ದಾಟಿ ಪೂರ್ವದ ಬಯಲಿಗೆ ಇಳಿಯಿತು. ರಾಗಿ ಬೆಳೆಯುತ್ತಿದ್ದ ಹೊಲಗಳು ಗದ್ದೆಗಳಾದವು, ಗದ್ದೆಗಳಿಗೆ ಕಬ್ಬು ಬಂದಿತು, ಕಬ್ಬಿಗಾಗಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. 1939ರಲ್ಲಿ ಮಂಡ್ಯವು ಮೈಸೂರಿನಿಂದ ಬೇರ್ಪಟ್ಟು ಸ್ವತಂತ್ರ ಜಿಲ್ಲೆಯಾಯಿತು. ಈ ಜಿಲ್ಲೆಯನ್ನು ಹೆತ್ತದ್ದು ನಾಲೆ ಎಂದರೆ ಅತಿಶಯೋಕ್ತಿಯಾಗಲಾರದು.

ಆದರೆ ನಾಲೆ ಎಲ್ಲರ ಮನೆಬಾಗಿಲಿಗೂ ಬರಲಿಲ್ಲ. ಶ್ರೀರಂಗಪಟ್ಟಣ ಮತ್ತು ಪಾಂಡವಪುರದ ತಗ್ಗಿನ ಊರುಗಳು ಹಸಿರಾದಾಗ ನಾಗಮಂಗಲವು ಕೆರೆ ಮತ್ತು ಮಳೆಯನ್ನೇ ನಂಬಿತ್ತು. ಕೃಷ್ಣರಾಜಪೇಟೆಯಲ್ಲಿ ಹೇಮಾವತಿಯ ಹಳೆಯ ಕಟ್ಟೆಗಳಾದ ಮಂದಗೆರೆ, ಹೇಮಗಿರಿಗಳ ಅಂಚಿನ ಊರುಗಳಿಗೆ ನೀರಿತ್ತು, ಉಳಿದವು ಒಣಗಿದ್ದವು. ಈ ಎರಡು ತಾಲ್ಲೂಕುಗಳಿಂದ ಸಾವಿರಾರು ಮಂದಿ ಹೊಟ್ಟೆಪಾಡಿಗಾಗಿ ಮುಂಬಯಿಗೆ ಹೋದರು. 2020ರ ಕೊರೋನಾ ಕಾಲದಲ್ಲಿ ಅವರು ಹಿಂತಿರುಗಿ ಬಂದಾಗಲೇ ಆ ವಲಸೆಯ ಅಳತೆ ಹಲವರಿಗೆ ತಿಳಿದದ್ದು. ಒಂದೇ ಲೋಕಸಭಾ ಕ್ಷೇತ್ರ, ಎರಡು ಲೋಕ.

ರಾಜಕೀಯ ಪ್ರಜ್ಞೆ ಇಲ್ಲಿ ಸ್ವಾತಂತ್ರ್ಯಕ್ಕೆ ಮೊದಲೇ ಮೂಡಿತ್ತು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ನಡೆದ ಧ್ವಜ ಸತ್ಯಾಗ್ರಹವನ್ನು ನೀವು ಪಾಠದಲ್ಲಿ ಓದಿದ್ದೀರಿ. ಅದರ ಪುಣ್ಯಫಲವನ್ನು ಕಾಂಗ್ರೆಸ್ ಬಹುಕಾಲ ಉಂಡಿತು. 1952ರಿಂದ 1967ರವರೆಗಿನ ನಾಲ್ಕು ಸಾರ್ವತ್ರಿಕ ಚುನಾವಣೆಗಳಲ್ಲಿಯೂ ಎಂ. ಕೆ. ಶಿವನಂಜಪ್ಪನವರೇ ಲೋಕಸಭೆಗೆ ಆಯ್ಕೆಯಾದರು.

ಆ ಕೋಟೆಯಲ್ಲಿ ಬಿರುಕು ಕಾಣಿಸಿದ್ದು 1962ರ ವಿಧಾನಸಭಾ ಚುನಾವಣೆಯಲ್ಲಿ. ಮದ್ದೂರಿನಲ್ಲಿ ಕಾಂಗ್ರೆಸ್ಸಿನ ಕೆ. ವಿ. ಶಂಕರಗೌಡರ ಪರವಾಗಿ ಸ್ವತಃ ನೆಹರೂ ಅವರೇ ಪ್ರಚಾರ ಮಾಡಿದರೂ, ಅಮೆರಿಕೆಯಲ್ಲಿ ಕಾನೂನು ಓದಿ ಬಂದಿದ್ದ ಸೋಮನಹಳ್ಳಿಯ ತರುಣ ಎಸ್. ಎಂ. ಕೃಷ್ಣ ಪಕ್ಷೇತರರಾಗಿ ಗೆದ್ದರು. 1968ರ ಉಪಚುನಾವಣೆಯಲ್ಲಿ ಅವರೇ ಪ್ರಜಾ ಸಮಾಜವಾದಿ ಪಕ್ಷದಿಂದ ಲೋಕಸಭೆಗೆ ಹೋದರು. 1971ರಲ್ಲಿ ಕಾಂಗ್ರೆಸ್ಸಿನಿಂದ ಮರಳಿ ಆಯ್ಕೆಯಾದರು. ಬಾವುಟ ಬದಲಾಯಿತು, ಆಳು ಬದಲಾಗಲಿಲ್ಲ. ಮುಂದೆ ನಟ ಅಂಬರೀಶ್ 1998ರಲ್ಲಿ ಜನತಾದಳದಿಂದಲೂ 1999ರಲ್ಲಿ ಕಾಂಗ್ರೆಸ್ಸಿನಿಂದಲೂ ಗೆದ್ದಾಗ ಇದೇ ಕಥೆ ಮರುಕಳಿಸಿತು.

ಸೋತ ಶಂಕರಗೌಡರನ್ನೂ ಜನ ಮರೆಯಲಿಲ್ಲ. ಅದೇ 1962ರಲ್ಲಿ ಮಂಡ್ಯದ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜು ಆರಂಭವಾಗುವಂತೆ ದುಡಿದು, ನಮ್ಮ ಹಳ್ಳಿಗಳ ಮಕ್ಕಳಿಗೆ ದಾರಿ ತೆರೆದವರು ಅವರು. ‘ನಿತ್ಯಸಚಿವ’ ಎಂದೇ ಅವರಿಗೆ ಹೆಸರು. 1984ರಲ್ಲಿ ಇಂದಿರಾ ಗಾಂಧಿಯವರ ಹತ್ಯೆಯ ಅನುಕಂಪದ ಅಲೆಯಲ್ಲಿ ಕಾಂಗ್ರೆಸ್ ಕರ್ನಾಟಕದ 28 ಸ್ಥಾನಗಳಲ್ಲಿ 24ನ್ನು ಗೆದ್ದಿತು. ಜನತಾ ಪಕ್ಷಕ್ಕೆ ಉಳಿದ ನಾಲ್ಕರಲ್ಲಿ ಮಂಡ್ಯವೂ ಒಂದು, ಗೆದ್ದವರು ಶಂಕರಗೌಡರು.

ಆ ಕಾಲದಲ್ಲಿ ಉಪಾಧ್ಯಾಯರಾದ ನಮಗೆ ಮತಗಟ್ಟೆಯ ಕರ್ತವ್ಯ ತಪ್ಪುತ್ತಿರಲಿಲ್ಲ. ಮತಪೆಟ್ಟಿಗೆಗಳೊಡನೆ ಲಾರಿಯಲ್ಲಿ ನಾಗಮಂಗಲದ ಕಡೆಯ ಹಳ್ಳಿಯೊಂದಕ್ಕೆ ಹೋಗಿದ್ದೆ. ಗೊರೂರಿನ ಅಣೆಕಟ್ಟೆ 1979ರಲ್ಲಿಯೇ ಮುಗಿದಿತ್ತು. ಬೆರಳಿಗೆ ಶಾಯಿ ಹಚ್ಚಿಸಿಕೊಂಡ ಹಿರಿಯರೊಬ್ಬರು, “ಹೇಮಾವತಿ ನಾಲೆ ನಮ್ಮೂರ್ಗೆ ಯಾವಾಗ ಬತ್ತದೆ ಮೇಷ್ಟ್ರೆ?” ಎಂದು ಕೇಳಿದರು. ಮತಗಟ್ಟೆಯಲ್ಲಿ ಕುಳಿತ ಮೇಷ್ಟ್ರೂ ಸರ್ಕಾರದವನೇ ಎಂಬುದು ಅವರ ಲೆಕ್ಕ. ನಾಲೆ ತಲುಪಿದ ಊರಿನಲ್ಲಿ ಕಬ್ಬಿನ ದರದ ಮಾತು, ತಲುಪದ ಊರಿನಲ್ಲಿ ನಾಲೆಯ ಮಾತು. ಅಂದು ನಾನು ಕಂಡ ರಾಜಕಾರಣ ಇಷ್ಟೇ.

1991ರ ಜೂನ್ 25ರಂದು ಕಾವೇರಿ ನ್ಯಾಯಮಂಡಳಿಯು ತಮಿಳುನಾಡಿಗೆ ವರ್ಷಕ್ಕೆ 205 ಟಿ.ಎಂ.ಸಿ. ನೀರು ಬಿಡಬೇಕೆಂದು ಮಧ್ಯಂತರ ಆದೇಶ ನೀಡಿತು. ಅಲ್ಲಿಂದ ಮುಂದೆ ನೀರು ಚುನಾವಣೆಯ ಹಿನ್ನೆಲೆಯಿಂದ ಮುನ್ನೆಲೆಗೆ ಬಂದಿತು. 1989ರಲ್ಲಿಯೂ 1991ರಲ್ಲಿಯೂ ಸಂಸದರಾಗಿ ಆಯ್ಕೆಯಾದ ಜಿ. ಮಾದೇಗೌಡರು ಅಧಿಕಾರ ಹೋದ ಮೇಲೂ ರೈತ ಹಿತರಕ್ಷಣಾ ಸಮಿತಿಯ ಮುಂದಾಳಾಗಿ ಬೀದಿಯಲ್ಲಿ ನಿಂತರು. ಪಾಂಡವಪುರದಲ್ಲಿ ರೈತಸಂಘದ ಕೆ. ಎಸ್. ಪುಟ್ಟಣ್ಣಯ್ಯನವರು ಹಸಿರು ಶಾಲನ್ನೇ ಪಕ್ಷವಾಗಿಸಿ 1994ರಲ್ಲಿ ವಿಧಾನಸಭೆ ಪ್ರವೇಶಿಸಿದರು. 2013ರಲ್ಲಿ ಮೇಲುಕೋಟೆ ಕ್ಷೇತ್ರದಿಂದ ಮತ್ತೊಮ್ಮೆ ಗೆದ್ದರು. 2018ರಲ್ಲಿ ಅವರು ತೀರಿಕೊಂಡ ತರುವಾಯ, 2023ರಲ್ಲಿ ಅವರ ಮಗ ದರ್ಶನ್ ಅದೇ ಸ್ಥಾನವನ್ನು ಗೆದ್ದರು.

2002ರ ಬರಗಾಲದಲ್ಲಿ ಒಂದು ವಿಚಿತ್ರ ಕೂಡಿಬಂದಿತ್ತು. ಕಾವೇರಿಗಾಗಿ ಎದುರುಬದುರು ನಿಂತ ಇಬ್ಬರು ಮುಖ್ಯಮಂತ್ರಿಗಳಲ್ಲಿ ಕೃಷ್ಣ ಅವರು ಮದ್ದೂರು ತಾಲ್ಲೂಕಿನವರು, ಜಯಲಲಿತಾ ಅವರು ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಹುಟ್ಟಿದವರು. ಆ ಅಕ್ಟೋಬರ್‌ನಲ್ಲಿ ಕೃಷ್ಣ ಅವರು ಬೆಂಗಳೂರಿನಿಂದ ಮಂಡ್ಯದತ್ತ ಪಾದಯಾತ್ರೆ ಹೊರಟರು. 2007ರ ಫೆಬ್ರುವರಿಯಲ್ಲಿ ಅಂತಿಮ ತೀರ್ಪು ಬಂದಾಗ ಅಂಬರೀಶ್ ಕೇಂದ್ರ ಸಚಿವ ಸ್ಥಾನಕ್ಕೆ ರಾಜೀನಾಮೆ ಸಲ್ಲಿಸಿದರು. ನೀರಿಗಾಗಿ ಏನನ್ನಾದರೂ ಬಿಟ್ಟುಕೊಟ್ಟೆ ಎಂದು ತೋರಿಸದೆ ಇಲ್ಲಿ ನಾಯಕನಾಗಿ ಉಳಿಯುವುದು ಕಷ್ಟ. ಹಾಗೆ ತೋರಿಸಿದ ಮಾತ್ರಕ್ಕೆ ಉಳಿಯುವ ಭರವಸೆಯೂ ಇಲ್ಲ: 2009ರಲ್ಲಿ ನಾಗಮಂಗಲದ ಎನ್. ಚೆಲುವರಾಯಸ್ವಾಮಿ ಅವರೆದುರು ಅಂಬರೀಶ್ ಸೋತರು.

ಈಚಿನ ಫಲಿತಾಂಶಗಳು ಇನ್ನೂ ಚಂಚಲ. 2013ರ ಉಪಚುನಾವಣೆಯಲ್ಲಿ ಗೆದ್ದ ರಮ್ಯಾ ಅವರು ಮರುವರ್ಷವೇ ಸಿ. ಎಸ್. ಪುಟ್ಟರಾಜು ಅವರೆದುರು 5,518 ಮತಗಳಿಂದ ಸೋತರು. 2018ರ ವಿಧಾನಸಭಾ ಚುನಾವಣೆಯಲ್ಲಿ ಜಿಲ್ಲೆಯ ಏಳೂ ಸ್ಥಾನಗಳನ್ನು ಜಾತ್ಯತೀತ ಜನತಾದಳ ಗೆದ್ದಿತು. ನವೆಂಬರಿನ ಲೋಕಸಭಾ ಉಪಚುನಾವಣೆಯನ್ನು ಆ ಪಕ್ಷದ ಎಲ್. ಆರ್. ಶಿವರಾಮೇಗೌಡರು 3,24,943 ಮತಗಳ ಅಂತರದಿಂದ ಗೆದ್ದರು. ಆರು ತಿಂಗಳು ಕಳೆಯುವ ಮೊದಲೇ, 2019ರ ಏಪ್ರಿಲ್‌ನಲ್ಲಿ, ಇದೇ ಜನ ಪಕ್ಷೇತರರಾಗಿ ನಿಂತ ಸುಮಲತಾ ಅವರನ್ನು 1,25,876 ಮತಗಳ ಅಂತರದಿಂದ ಗೆಲ್ಲಿಸಿದರು. 1967ರಲ್ಲಿ ಉತ್ತರ ಕನ್ನಡದಿಂದ ದಿನಕರ ದೇಸಾಯಿಯವರು ಗೆದ್ದ ಮೇಲೆ ಕರ್ನಾಟಕದಿಂದ ಪಕ್ಷೇತರರು ಲೋಕಸಭೆಗೆ ಹೋದದ್ದು ಅದೇ ಮೊದಲು. ಅಂದು ಕೇಳಿಬಂದ ಮಂತ್ರ ‘ಸ್ವಾಭಿಮಾನ’. 2024ರಲ್ಲಿ ಎಚ್. ಡಿ. ಕುಮಾರಸ್ವಾಮಿ ಅವರು ಬಿಜೆಪಿಯ ಮೈತ್ರಿಯೊಡನೆ 2,84,620 ಮತಗಳಿಂದ ಗೆದ್ದು ಕೇಂದ್ರ ಸಚಿವರಾದರು.

ಸ್ವಾಭಿಮಾನ ದೊಡ್ಡ ಗುಣ. ಆದರೆ ನಾವು ವ್ಯಕ್ತಿಗಳ ಏಳುಬೀಳನ್ನು ನೋಡುತ್ತ ಕುಳಿತಿದ್ದಾಗ ಸಂಸ್ಥೆಗಳು ಸದ್ದಿಲ್ಲದೆ ಸೊರಗಿದವು. ಮೈಷುಗರ್ ಕಾರ್ಖಾನೆ ನಿಂತುಹೋಗಿ 2022ರಲ್ಲಿ ಮತ್ತೆ ಕಬ್ಬು ಅರೆಯತೊಡಗಿತು. ರೈತರು ಷೇರು ಹಾಕಿ ಕಟ್ಟಿದ ಪಾಂಡವಪುರದ ಸಹಕಾರ ಸಕ್ಕರೆ ಕಾರ್ಖಾನೆ 2020ರಲ್ಲಿ ಖಾಸಗಿಯವರಿಗೆ ಗುತ್ತಿಗೆಗೆ ಹೋಯಿತು. 2015ರಲ್ಲಿ ಸಾಲದ ಹೊರೆಯಿಂದ ಕಬ್ಬು ಬೆಳೆಗಾರರು ಪ್ರಾಣ ಕಳೆದುಕೊಂಡದ್ದನ್ನು ಮರೆಯುವಂತಿಲ್ಲ. ಇನ್ನೊಂದು ಮಾತು: ನೀರಿನ ರಾಜಕಾರಣ ಭೂಮಿಯುಳ್ಳವನ ರಾಜಕಾರಣ. ಗದ್ದೆಯಲ್ಲಿ ನಾಟಿ ಹಾಕುವ ಹೆಣ್ಣುಮಗಳ ಕೂಲಿ, ಕಬ್ಬು ಕಡಿಯುವವನ ಮನೆ ಯಾವ ಚುನಾವಣೆಯಲ್ಲಿಯೂ ಮುಖ್ಯ ವಿಷಯವಾಗಲಿಲ್ಲ.

ನಮ್ಮ ಹಿರಿಯರು ಮತವನ್ನು ತೂಬಿನಂತೆ ಬಳಸಿದರು. ಬೇಕಾದಾಗ ಎತ್ತಿದರು, ಬೇಡವಾದಾಗ ಮುಚ್ಚಿದರು. ನೆಹರೂ ಅವರ ಮಾತಿಗಾಗಲಿ, ದೇಶದ ಅಲೆಗಾಗಲಿ ತಲೆಬಾಗಲಿಲ್ಲ. ಆದರೆ ತೂಬು ಎತ್ತಿದರೆ ಸಾಲದು, ಕೊನೆಯ ಗದ್ದೆಯವರೆಗೆ ಕಾಲುವೆ ನೆಟ್ಟಗಿರಬೇಕು. ನಿಮ್ಮಲ್ಲಿ ಹಲವರು ಇಂದು ಬೆಂಗಳೂರು, ಮುಂಬಯಿಗಳಲ್ಲಿದ್ದೀರಿ. ಮತದಾನಕ್ಕೆಂದು ಬಸ್ಸು ಹತ್ತಿ ಊರಿಗೆ ಬರುತ್ತೀರಿ. ಮುಂದಿನ ಸಲ ಬಂದಾಗ ಅಭ್ಯರ್ಥಿ ಯಾರ ಮಗ, ಯಾರ ಮಡದಿ ಎಂದು ಕೇಳುವುದರ ಜೊತೆಗೆ ನಾಲೆಯ ಕೊನೆಯ ಭಾಗಕ್ಕೆ ನೀರು ಎಷ್ಟು ದಿನ ಬಂದಿತು, ಕಬ್ಬಿನ ಬಾಕಿ ಎಷ್ಟಿದೆ, ಕೂಲಿ ಎಷ್ಟಾಯಿತು ಎಂದೂ ಕೇಳಿರಿ. ಉತ್ತರವನ್ನು ಬರೆದಿಟ್ಟುಕೊಂಡು ಐದು ವರ್ಷಗಳ ನಂತರ ಮತ್ತೆ ತೆಗೆದು ನೋಡಿರಿ.