ಅಚ್ಚುಮೊಳೆಯ ಆಯ್ಕೆ ಮತ್ತು ಓದುಗರ ಅಭಿರುಚಿ

ಅಕ್ಷರಗಳ ಆಕಾರದಲ್ಲಿ ಒಂದನ್ನು ಮೆಚ್ಚುವುದು, ಮತ್ತೊಂದನ್ನು ಹಳಿಯುವುದು ಓದುಬಲ್ಲವರೆಲ್ಲರ ಸ್ವಭಾವ. ಇದು ಕೇವಲ ವೈಯಕ್ತಿಕ ವಿಷಯವೆಂದು ಇತಿಹಾಸದ ವಿದ್ಯಾರ್ಥಿಗಳು ಉಪೇಕ್ಷಿಸುವುದುಂಟು. ಆದರೆ ಒಬ್ಬನ ಅಭಿರುಚಿ ಎಲ್ಲಿ ಮುಗಿದು ಸಮಾಜದ ರೂಢಿ ಎಲ್ಲಿ ಮೊದಲಾಗುತ್ತದೆ, ರಾಜ್ಯಶಕ್ತಿ ಅದರಲ್ಲಿ ಕೈಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಜರ್ಮನಿಯ ಲಿಪಿವಿವಾದ ಉತ್ತಮ ನಿದರ್ಶನ. ಅದನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸುತ್ತೇವೆ.

ಜರ್ಮನಿಯಲ್ಲಿ 16ನೆಯ ಶತಮಾನದಿಂದ ಎರಡು ಬಗೆಯ ಅಚ್ಚುಮೊಳೆಗಳು ಬಳಕೆಯಲ್ಲಿದ್ದುವು. ಮೊದಲನೆಯದು ಮಧ್ಯಯುಗದ ಲಿಪಿಕಾರರ ಬರಹದಿಂದ ಬಂದ, ಮುರಿದ ಗೆರೆಗಳ ದಟ್ಟವಾದ ಅಕ್ಷರ. ಶ್ವಾಬಾಖರ್, ಫ್ರಾಕ್ಟೂರ್ ಎಂಬುವು ಅದರ ಪ್ರಭೇದಗಳು. ಎರಡನೆಯದು ಇಟಲಿಯ ವಿದ್ವಾಂಸರ ಬರಹವನ್ನು ಅನುಸರಿಸಿದ ದುಂಡನೆಯ ರೋಮನ್ ಅಕ್ಷರ. ಜರ್ಮನರು ಇದನ್ನು ಆಂಟಿಕ್ವಾ ಎನ್ನುತ್ತಾರೆ. ಒಂದೇ ಪುಸ್ತಕದಲ್ಲಿ ಜರ್ಮನ್ ಮಾತನ್ನು ಫ್ರಾಕ್ಟೂರಿನಲ್ಲಿಯೂ ಲ್ಯಾಟಿನ್ ಮಾತನ್ನು ಆಂಟಿಕ್ವಾದಲ್ಲಿಯೂ ಜೋಡಿಸುವ ಪದ್ಧತಿ ಬೆಳೆದು, ಅಕ್ಷರದ ಆಕಾರವೇ ಭಾಷೆಯ ಗುರುತಾಯಿತು.

ವ್ಯಕ್ತಿಗಳ ಒಲವು ಮಾತ್ರ ಒಂದೇ ತೆರನಾಗಿರಲಿಲ್ಲ. ಮಗನ ಕೃತಿಗಳು ರೋಮನ್ ಅಕ್ಷರದಲ್ಲಿ ಹೊರಬರಲಿಲ್ಲವೆಂದು ಕವಿ ಗಯಟೆಯ ತಾಯಿ 1794ರ ಪತ್ರವೊಂದರಲ್ಲಿ ಸಂತೋಷಪಟ್ಟಳು. ಇದಕ್ಕೆ ವಿರುದ್ಧವಾಗಿ ಜರ್ಮನ್ ಭಾಷಾಶಾಸ್ತ್ರದ ಪಿತಾಮಹರಲ್ಲಿ ಒಬ್ಬನಾದ ಯಾಕೋಬ್ ಗ್ರಿಮ್, 1854ರಲ್ಲಿ ಮೊದಲ ಸಂಪುಟ ಕಂಡ ತನ್ನ ನಿಘಂಟನ್ನು ರೋಮನ್ ಅಕ್ಷರದಲ್ಲಿಯೇ ಅಚ್ಚು ಹಾಕಿಸಿದನು. ಭಾಷಾಭಿಮಾನಕ್ಕೂ ಫ್ರಾಕ್ಟೂರಿಗೂ ಅವಿನಾಭಾವ ಸಂಬಂಧವಿಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ. 1911ರಲ್ಲಿ ರೋಮನ್ ಅಕ್ಷರಕ್ಕೆ ಮನ್ನಣೆ ಕೊಡಬೇಕೆಂಬ ಸೂಚನೆ ಜರ್ಮನ್ ಸಂಸತ್ತಿನಲ್ಲಿ ಬಿಸಿಬಿಸಿ ಚರ್ಚೆಗೆ ಒಳಗಾಗಿ ಬಿದ್ದುಹೋಯಿತು.

1933ರಲ್ಲಿ ಅಧಿಕಾರಕ್ಕೆ ಬಂದ ನಾಟ್ಸಿ ಪಕ್ಷ ಮೊದಲು ಹಳೆಯ ಅಕ್ಷರವನ್ನೇ ಎತ್ತಿಹಿಡಿಯಿತು. ಆದರೆ 1941ರ ಜನವರಿ 3ರಂದು ಹಿಟ್ಲರನ ಪರವಾಗಿ ಮಾರ್ಟಿನ್ ಬೋರ್ಮನ್ ಹೊರಡಿಸಿದ ಸುತ್ತೋಲೆ ಅದನ್ನು ಯೆಹೂದಿಗಳ ಅಕ್ಷರವೆಂದು ಜರೆದು ನಿಷೇಧಿಸಿತು. ಈ ವಾದ ಶುದ್ಧ ಸುಳ್ಳು. ಮಾರ್ಟಿನ್ ಲೂಥರನ ಬೈಬಲ್ ಅನುವಾದ ಅಚ್ಚಾದುದೇ ಶ್ವಾಬಾಖರ್ ಮೊಳೆಗಳಲ್ಲಿ. ಆ ಸುತ್ತೋಲೆಯ ಕಾಗದದ ತಲೆಬರಹ ಕೂಡ ಹಳೆಯ ಅಕ್ಷರದಲ್ಲಿಯೇ ಅಚ್ಚಾಗಿತ್ತು! ಆಕ್ರಮಿಸಿದ ದೇಶಗಳವರಿಗೆ ಓದಲು ಸುಲಭವಾಗಲೆಂಬುದೇ ಇದರ ನಿಜವಾದ ಉದ್ದೇಶವಿದ್ದಿರಬೇಕೆಂದು ಅನೇಕರು ಊಹಿಸುತ್ತಾರೆ.

ಇದರ ಪರಿಣಾಮ ಅಲ್ಪವಲ್ಲ. ಶಾಲೆಗಳಲ್ಲಿ ಹಳೆಯ ಕೈಬರಹದ ಪಾಠವೂ ನಿಂತು, ಅಜ್ಜ ಬರೆದ ಪತ್ರವನ್ನು ಮೊಮ್ಮಗ ಓದಲಾರದ ಸ್ಥಿತಿ ಒದಗಿತು. ಇದು ನಮಗೂ ಸಂಬಂಧಿಸಿದ ಮಾತು. ಮಂಗಳೂರಿನಲ್ಲಿ ಮುದ್ರಣಾಲಯ ನಡೆಸಿದ ಬಾಸೆಲ್ ಮಿಷನ್ನಿನ 19ನೆಯ ಶತಮಾನದ ಜರ್ಮನ್ ಕಾಗದಪತ್ರಗಳಲ್ಲಿ ಕರ್ನಾಟಕದ ಇತಿಹಾಸಕ್ಕೆ ಬೇಕಾದ ಸಾಮಗ್ರಿ ಹೇರಳವಾಗಿದೆ. ಅವುಗಳನ್ನು ಬಳಸಬಯಸುವವರು ಜರ್ಮನ್ ಭಾಷೆಯ ಜೊತೆಗೆ ಆ ಹಳೆಯ ಲಿಪಿಯನ್ನೂ ಕಲಿಯಬೇಕು.

ಅಭಿರುಚಿಯಿಂದ ಬೇರೆಯಾದ ಮತ್ತೊಂದು ಕಾರಣವನ್ನೂ ಇಲ್ಲಿ ಗಮನಿಸಬೇಕು. ಕಾಗದದ ಮೇಲೆ ಮಸಿಯಿಂದ ಮೂಡುವ ಅಕ್ಷರ ಬೇರೆ, ಕಂಪ್ಯೂಟರ್ ಪರದೆಯ ಬೆಳಕಿನ ಚುಕ್ಕಿಗಳಿಂದ ಮೂಡುವ ಅಕ್ಷರ ಬೇರೆ. ಮೈಕ್ರೋಸಾಫ್ಟ್ ಸಂಸ್ಥೆಗಾಗಿ ಮ್ಯಾಥ್ಯೂ ಕಾರ್ಟರ್ ರಚಿಸಿ 1996ರಲ್ಲಿ ಬಳಕೆಗೆ ಬಂದ ವರ್ಡಾನಾ ಎಂಬ ಫಾಂಟಿನಲ್ಲಿ ಚುಕ್ಕಿಗಳ ವಿನ್ಯಾಸವನ್ನು ಮೊದಲು ನಿಶ್ಚಯಿಸಿ, ಅನಂತರ ಗೆರೆಗಳನ್ನು ಅದಕ್ಕೆ ಹೊಂದಿಸಲಾಯಿತು. ಕನ್ನಡದಲ್ಲಿಯೂ ಸಾಲಿನ ಕೆಳಗೆ ಇಳಿಯುವ ಒತ್ತಕ್ಷರಗಳಿಗೆ ತಕ್ಕಷ್ಟು ಎಡೆ ಇಲ್ಲದಿದ್ದರೆ ಎಷ್ಟು ಅಂದವಾದ ಅಕ್ಷರವೂ ಓದಿಗೆ ತೊಡಕಾಗುತ್ತದೆ. ಇಂತಹ ಕಾರಣಗಳನ್ನು ಪರೀಕ್ಷಿಸಿ ನಿರ್ಣಯಿಸಬಹುದು.

ಮಿಕ್ಕ ಒಲವು ಬಹುಮಟ್ಟಿಗೆ ಅಭ್ಯಾಸದ ಫಲ; ಯಾವುದನ್ನು ಹೆಚ್ಚಾಗಿ ಓದಿದ್ದೇವೆಯೋ ಅದು ಸುಲಭವೆಂದು ತೋರುತ್ತದೆ. ಅದನ್ನು ಜನಾಂಗದ ಲಕ್ಷಣವೆಂದು ಸಾರುವುದೂ, ಆಜ್ಞೆಯಿಂದ ಅಳಿಸುವುದೂ ಇತಿಹಾಸಕ್ಕೆ ಬಗೆಯುವ ಅಪಚಾರಗಳೇ ಸರಿ. ಹೊಸ ಅಕ್ಷರವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಓದುಗರಿಗಿರಲಿ. ಹಳೆಯದನ್ನು ಓದುವ ವಿದ್ಯೆಯನ್ನು ಉಳಿಸಿಕೊಳ್ಳುವ ಹೊಣೆ ವಿದ್ಯಾಲಯಗಳದು.