ಮನೆ ಕಂಪ್ಯೂಟರಿನ ಉಚಿತ ತಂತ್ರಾಂಶಗಳು

ಮನೆ ಕಂಪ್ಯೂಟರಿನಲ್ಲಿ ಹಣ ಕೊಡದೆ ಬಳಸಬಹುದಾದ ತಂತ್ರಾಂಶಗಳಿಗೆ ಸುಮಾರು ಅರ್ಧ ಶತಮಾನದ ಇತಿಹಾಸವಿದೆ. ಇವುಗಳಲ್ಲಿ ಎರಡು ಬಗೆ. ಒಂದು ಬಗೆಯದಕ್ಕೆ ಬೆಲೆ ಇರುವುದಿಲ್ಲ, ಆದರೆ ಅದರ ಮೂಲ ಕೋಡ್ ತಯಾರಕರ ಬಳಿಯೇ ಉಳಿದಿರುತ್ತದೆ. ಇನ್ನೊಂದು ಮುಕ್ತ ತಂತ್ರಾಂಶ: ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಬಳಸುವವರಿಗೆ ಮೊದಮೊದಲು ಎರಡೂ ಒಂದೇ ಅನ್ನಿಸುತ್ತವೆ. ತಯಾರಿಸಿದವರು ಕೈಬಿಟ್ಟಾಗ ಎರಡರ ಹಣೆಬರಹವೂ ಬೇರೆಯಾಗುತ್ತದೆ.

1969ರವರೆಗೆ ತಂತ್ರಾಂಶಕ್ಕೆ ಪ್ರತ್ಯೇಕ ಬೆಲೆ ಎಂಬುದು ಅಪರೂಪವಾಗಿತ್ತು. ಐಬಿಎಂ ಯಂತ್ರದ ಜೊತೆಗೇ ಅದು ಬರುತ್ತಿತ್ತು. ಆ ವರ್ಷದ ಜೂನ್‌ನಲ್ಲಿ ಕಂಪನಿ ಎರಡನ್ನೂ ಬೇರ್ಪಡಿಸುವುದಾಗಿ ಘೋಷಿಸಿತು. 1975ರಲ್ಲಿ ಆಲ್ಟೇರ್ 8800 ಎಂಬ ಪುಟ್ಟ ಯಂತ್ರ ಹವ್ಯಾಸಿಗಳ ಕೈಸೇರಿದಾಗ ಮೊದಲ ಜಗಳ ಶುರುವಾಯಿತು. ಬಿಲ್ ಗೇಟ್ಸ್ ಮತ್ತು ಪಾಲ್ ಅಲೆನ್ ಅದಕ್ಕೆಂದು ಬರೆದ ಬೇಸಿಕ್ ಭಾಷೆಯ ತಂತ್ರಾಂಶ ಕಾಗದದ ಪಟ್ಟಿಗಳಲ್ಲಿ ನಕಲಾಗಿ, ಕ್ಯಾಲಿಫೋರ್ನಿಯಾದ ಹೋಂಬ್ರೂ ಕಂಪ್ಯೂಟರ್ ಕ್ಲಬ್ಬಿನ ಸದಸ್ಯರ ನಡುವೆ ಹರಿದಾಡಿತು. 1976ರ ಫೆಬ್ರವರಿಯಲ್ಲಿ ಗೇಟ್ಸ್ ಹವ್ಯಾಸಿಗಳಿಗೆ ಬಹಿರಂಗ ಪತ್ರ ಬರೆದು ಇದು ಕಳವು ಎಂದರು. ಅದೇ ಕಾಲದಲ್ಲಿ ಕೆಲವು ಹವ್ಯಾಸಿಗಳು ತಾವೇ 'ಟೈನಿ ಬೇಸಿಕ್' ಬರೆದು, ಅದರ ಕೋಡನ್ನು ಪತ್ರಿಕೆಗಳಲ್ಲಿ ಅಚ್ಚು ಹಾಕಿಸಿದರು. ಓದುಗರು ಅದನ್ನು ನೋಡಿಕೊಂಡು ತಮ್ಮ ಯಂತ್ರಗಳಿಗೆ ಟೈಪ್ ಮಾಡಿಕೊಂಡರು.

ಐಬಿಎಂ ಪಿಸಿ 1981ರ ಆಗಸ್ಟ್‌ನಲ್ಲಿ ಬಂತು. ಮರುವರ್ಷವೇ ಆಂಡ್ರ್ಯೂ ಫ್ಲೂಗಲ್‌ಮನ್ ಫೋನ್ ತಂತಿಯ ಮೂಲಕ ಕಂಪ್ಯೂಟರುಗಳನ್ನು ಜೋಡಿಸುವ 'ಪಿಸಿ-ಟಾಕ್' ಬರೆದು, ಹೊಸದೊಂದು ಪದ್ಧತಿ ಹಾಕಿಕೊಟ್ಟರು: ನಕಲು ಮಾಡಿ ಗೆಳೆಯರಿಗೆ ಕೊಡಿ, ಹಿಡಿಸಿದರೆ ಹಣ ಕಳಿಸಿ. ಜಿಮ್ ಬಟನ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಜಿಮ್ ನಾಫ್ ತಮ್ಮ 'ಪಿಸಿ-ಫೈಲ್' ತಂತ್ರಾಂಶವನ್ನೂ ಹೀಗೆಯೇ ಹಂಚಿದರು. ಬಳಕೆದಾರರ ಪ್ರಾಮಾಣಿಕತೆಯನ್ನು ನಂಬಿ ನಡೆಸಿದ ಈ ವ್ಯಾಪಾರ ಸೋಲಲಿಲ್ಲ ಎಂಬುದು ಈ ಇತಿಹಾಸದ ಅತಿ ಹಿತವಾದ ಸಂಗತಿಗಳಲ್ಲೊಂದು.

ಈ ಪರಂಪರೆಯಲ್ಲಿ ಬಂದ ಫಿಲ್ ಕಾಟ್ಜ್ ಅವರ 'ಪಿಕೆಜಿಪ್' (1989) ಇಂದಿಗೂ ನಮ್ಮೆಲ್ಲರ ಕಂಪ್ಯೂಟರಿನಲ್ಲಿ ಬೇರೆ ರೂಪದಲ್ಲಿ ಉಳಿದಿದೆ. ಕಡತಗಳನ್ನು ಒತ್ತಿ ಚಿಕ್ಕದಾಗಿಸುವ ಜಿಪ್ ಸ್ವರೂಪದ ವಿವರಗಳನ್ನು ಅವರು ಎಲ್ಲರಿಗೂ ಬಿಟ್ಟುಕೊಟ್ಟರು. ಹೊಸ ಬಗೆಯ ವರ್ಡ್ ಕಡತ ಒಳಗೊಳಗೇ ಒಂದು ಜಿಪ್ ಕಟ್ಟು. ಆ ಕಡತದ ಒಂದು ಪ್ರತಿ ಮಾಡಿಕೊಂಡು, ಹೆಸರಿನ ಕೊನೆಯ 'ಡಾಕ್ಸ್' ಅಳಿಸಿ 'ಜಿಪ್' ಎಂದು ಬರೆದು ತೆರೆದರೆ ಪಠ್ಯ ಒಂದು ಕಡೆ, ಚಿತ್ರಗಳೆಲ್ಲ 'ಮೀಡಿಯಾ' ಎಂಬ ಫೋಲ್ಡರಿನಲ್ಲಿ ಕಾಣುತ್ತವೆ. ಕಡತ ಕೆಟ್ಟು ತೆರೆಯದಿದ್ದಾಗ ಎಷ್ಟೋ ಸಲ ಮದುವೆ ಆಮಂತ್ರಣದ ಫೋಟೊಗಳನ್ನು ಈ ದಾರಿಯಲ್ಲಿ ಉಳಿಸಿಕೊಳ್ಳಬಹುದು. 1999ರಲ್ಲಿ ರಷ್ಯಾದ ಇಗೋರ್ ಪಾವ್ಲೊವ್ ಹೊರತಂದ '7-ಜಿಪ್' ಮುಕ್ತ ತಂತ್ರಾಂಶ ಇದೇ ಕೆಲಸಕ್ಕೆ ಇಂದಿಗೂ ಸಾಕು.

ಮುಕ್ತ ತಂತ್ರಾಂಶದ ಚಳವಳಿ ಹುಟ್ಟಿದ್ದು ಎಂಐಟಿಯ ಪ್ರಯೋಗಾಲಯದಲ್ಲಿ. ಅಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ 1983ರ ಸೆಪ್ಟೆಂಬರ್ 27ರಂದು ಮುಕ್ತ ಕಾರ್ಯಾಚರಣಾ ವ್ಯವಸ್ಥೆಯೊಂದನ್ನು ಕಟ್ಟುವ ಗ್ನೂ ಯೋಜನೆಯನ್ನು ಘೋಷಿಸಿದರು. 1989ರಲ್ಲಿ, ತಿದ್ದಿ ಹಂಚಿದರೂ ಕೋಡ್ ಮುಕ್ತವಾಗಿಯೇ ಉಳಿಯಬೇಕೆನ್ನುವ ಜಿಪಿಎಲ್ ಪರವಾನಗಿ ಬಂತು. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಲಿನಕ್ಸ್ ಬರೆಯಲು ತೊಡಗಿ, ಮರುವರ್ಷ ಅದನ್ನು ಜಿಪಿಎಲ್ ಅಡಿಗೆ ತಂದರು.

ಮನೆ ಬಳಕೆದಾರರಿಗೆ ಇದರ ಫಲ ಸಿಕ್ಕಿದ್ದು ಮುಂದಿನ ದಶಕದಲ್ಲಿ. ಜರ್ಮನಿಯಲ್ಲಿ ಹುಟ್ಟಿದ ಕಚೇರಿ ಕೆಲಸದ ತಂತ್ರಾಂಶ ಸ್ಟಾರ್‌ಆಫೀಸನ್ನು ಸನ್ ಕಂಪನಿ 1999ರಲ್ಲಿ ಕೊಂಡು, 2000ದಲ್ಲಿ ಅದರ ಕೋಡನ್ನು ಬಿಡುಗಡೆ ಮಾಡಿತು. ಅದೇ ಓಪನ್‌ಆಫೀಸ್. 2010ರಲ್ಲಿ ಸನ್ ಕಂಪನಿ ಒರಾಕಲ್ ಪಾಲಾಯಿತು. ಹೊಸ ಒಡೆಯರ ಧೋರಣೆ ಸರಿ ಕಾಣದೆ, ಆ ವರ್ಷದ ಸೆಪ್ಟೆಂಬರ್‌ನಲ್ಲಿ ಬಹುಪಾಲು ಸ್ವಯಂಸೇವಕರು ಕೋಡಿನ ಪ್ರತಿ ಹಿಡಿದು ಹೊರಬಂದು ಲಿಬ್ರೆಆಫೀಸ್ ಕಟ್ಟಿದರು. ಕೋಡ್ ಮುಕ್ತವಾಗಿರದಿದ್ದರೆ ಆ ಜನ ಬರಿಗೈಯಲ್ಲಿ ಹೊರಬರಬೇಕಿತ್ತು. ನೆಟ್‌ಸ್ಕೇಪ್ 1998ರಲ್ಲಿ ತನ್ನ ಬ್ರೌಸರಿನ ಕೋಡನ್ನು ಬಿಟ್ಟುಕೊಟ್ಟಿದ್ದರಿಂದಲೇ 2004ರ ನವೆಂಬರ್‌ನಲ್ಲಿ ಫೈರ್‌ಫಾಕ್ಸ್ 1.0 ಬರಲು ಸಾಧ್ಯವಾಯಿತು. ಆಡಿಯೊ ಕತ್ತರಿಸಿ ಜೋಡಿಸುವ ಆಡಾಸಿಟಿ (2000) ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಿಂದ ಬಂದರೆ, ಚಿತ್ರ ತಿದ್ದುವ ಗಿಂಪ್ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳ ಕೈಕೆಲಸ.

ವಿಡಿಯೊ ಪ್ಲೇಯರ್ ವಿಎಲ್‌ಸಿಯದೂ ಹಾಸ್ಟೆಲ್ ಹುಡುಗರ ಕಥೆಯೇ. ಪ್ಯಾರಿಸ್ ಬಳಿಯ ಎಕೋಲ್ ಸಾಂತ್ರಾಲ್ ವಿದ್ಯಾರ್ಥಿಗಳಿಗೆ ತಮ್ಮ ಕ್ಯಾಂಪಸ್ಸಿಗೆ ವೇಗದ ನೆಟ್‌ವರ್ಕ್ ಬೇಕಿತ್ತು. ಉಪಗ್ರಹ ಟಿವಿಯನ್ನು ಅದರ ಮೂಲಕ ಕೋಣೆ ಕೋಣೆಗೆ ಹರಿಸುವ ಯೋಜನೆಯಾಗಿ 1996ರಲ್ಲಿ ಅದು ಶುರುವಾಯಿತು. 2001ರ ಫೆಬ್ರವರಿಯಲ್ಲಿ ಸಂಸ್ಥೆಯ ಒಪ್ಪಿಗೆಯೊಂದಿಗೆ ಅದು ಜಿಪಿಎಲ್ ಅಡಿಗೆ ಬಂತು. ವಿಡಿಯೊ ಬಿಡಿಸಲು ಬೇಕಾದ ಕೋಡೆಕ್‌ಗಳನ್ನು ತನ್ನೊಳಗೇ ಇಟ್ಟುಕೊಂಡಿದ್ದರಿಂದ, ಬೇರೆ ಪ್ಲೇಯರುಗಳಲ್ಲಿ ಓಡದ ಕಡತವೂ ಇದರಲ್ಲಿ ಓಡುತ್ತಿತ್ತು. 2022ರಲ್ಲಿ ಕೆಲವು ತಿಂಗಳು ಭಾರತದಲ್ಲಿ ಇದರ ಅಧಿಕೃತ ತಾಣವನ್ನೇ ನಿರ್ಬಂಧಿಸಲಾಗಿತ್ತು. ತಯಾರಕರು ಇಂಟರ್ನೆಟ್ ಫ್ರೀಡಂ ಫೌಂಡೇಶನ್ ನೆರವಿನಿಂದ ಕಾನೂನು ನೋಟಿಸ್ ಕೊಟ್ಟ ಬಳಿಕ ನವೆಂಬರ್‌ನಲ್ಲಿ ಅದು ತೆರವಾಯಿತು. ಅಸಲಿ ತಾಣ ಮುಚ್ಚಿದಾಗ ಜನ ಸಿಕ್ಕಸಿಕ್ಕ ತಾಣಗಳಿಂದ ಇಳಿಸಿಕೊಳ್ಳುತ್ತಾರೆ. ಅಂಥ ನಿರ್ಬಂಧದಿಂದ ಸುರಕ್ಷತೆ ಕೆಡುತ್ತದೆಯೇ ಹೊರತು ಹೆಚ್ಚುವುದಿಲ್ಲ.

ಭಾರತದಲ್ಲಿ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟರೂ, ಡಯಲ್‌ಅಪ್ ಸಂಪರ್ಕದಲ್ಲಿ ದೊಡ್ಡ ಕಡತ ಇಳಿಸುವುದು ಕನಸಿನ ಮಾತಾಗಿತ್ತು. ಉಚಿತ ತಂತ್ರಾಂಶ ಮನೆಗೆ ಬರುತ್ತಿದ್ದದ್ದು ಕಂಪ್ಯೂಟರ್ ಪತ್ರಿಕೆಗಳ ಜೊತೆಗಿನ ಸಿಡಿಗಳಲ್ಲಿ. ಪಿಸಿ ಕ್ವೆಸ್ಟ್ 1996ರಲ್ಲಿ ಲಿನಕ್ಸ್ ಸಿಡಿ ಹಂಚಿತು. ಅದರ ಹಿಂದಿದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. 2001ರಿಂದ ಅವರು ಗೆಳೆಯರೊಂದಿಗೆ ನಡೆಸಿದ 'ಲಿನಕ್ಸ್ ಬೆಂಗಳೂರು' ಸಮ್ಮೇಳನ ಮುಂದೆ 'ಫಾಸ್ ಡಾಟ್ ಇನ್' ಆಯಿತು.

ಕನ್ನಡಿಗರ ಮಟ್ಟಿಗೆ ಅತಿ ದೊಡ್ಡ ಉಚಿತ ತಂತ್ರಾಂಶ ಎಂದರೆ ಕನ್ನಡ ಬರೆಯಿಸಿದ್ದು. ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ಹೊರತಂದ 'ಬರಹ' ಹೊರನಾಡು, ಹೊರದೇಶದ ಕನ್ನಡಿಗರಿಗೆ ವರವಾಯಿತು. ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರದಂತೆ ಟೈಪಿಸಿದರೆ ಕನ್ನಡ ಮೂಡುತ್ತಿತ್ತು. ವರ್ಷಗಟ್ಟಲೆ ಉಚಿತವಾಗಿದ್ದ ಅದರ ನಂತರದ ಆವೃತ್ತಿಗಳಿಗೆ ಬೆಲೆ ಬಂತು. ಕನ್ನಡ ಗಣಕ ಪರಿಷತ್ತು (ಕಗಪ) ರೂಪಿಸಿದ 'ನುಡಿ' ಸರ್ಕಾರಿ ಕಚೇರಿಗಳಿಂದ ಹಿಡಿದು ಡಿಟಿಪಿ ಅಂಗಡಿಗಳವರೆಗೆ ಹಬ್ಬಿತು. ಅದರ ಕೀಲಿಮಣೆಯ ಬೇರು ಕೆ. ಪಿ. ರಾವ್ ಅವರ ವಿನ್ಯಾಸದಲ್ಲಿದೆ. 'ಕನ್ನಡ' ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದು ಕೀಲಿ ಸಾಕು. ಒತ್ತಕ್ಷರ ಬೇಕಾದಲ್ಲೆಲ್ಲ ನಡುವೆ ಎಫ್ ಒತ್ತುವುದು, ಅಷ್ಟೇ. ನಮ್ಮ ವರ್ಣಮಾಲೆಯ ತರ್ಕವನ್ನು ಇಷ್ಟು ಚೊಕ್ಕವಾಗಿ ಹಿಡಿದ ವಿನ್ಯಾಸ ಇನ್ನೊಂದಿಲ್ಲ.

ಆ ಕಾಲದ ಫಾಂಟುಗಳಿಗೆ ಒಂದು ದೋಷವಿತ್ತು. ಅವು ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದೇ ಕಡತ ತೆರೆದರೆ, ತಲೆಯ ಮೇಲೆ ಗೆರೆ, ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ಅರ್ಥವಿಲ್ಲದ ಸಾಲುಗಳು ಕಾಣುತ್ತಿದ್ದವು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ 'ತುಂಗಾ' ಫಾಂಟಿನೊಂದಿಗೆ, ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್ ಕನ್ನಡ ತಂದ ಮೇಲೆ ಪರಿಹಾರ ಎದುರಿಗಿತ್ತು, ಆದರೂ ಹಳೆಯ ಎನ್‌ಕೋಡಿಂಗ್ ಬಹುಕಾಲ ಹೋಗಲಿಲ್ಲ. ಅಂಥ ಕಡತಗಳನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಮನೆಯಲ್ಲಿ ಹಳೆಯ ನುಡಿ ಅಥವಾ ಬರಹ ಕಡತಗಳಿದ್ದವರು ಈ ಕೆಲಸವನ್ನು ಮುಂದೂಡಬಾರದು. ಮುದ್ರಿತ ಪುಟಗಳನ್ನು ಪಠ್ಯವಾಗಿಸಲು, ಎಚ್‌ಪಿ ಕಂಪನಿಯಲ್ಲಿ ಹುಟ್ಟಿ 2005ರಲ್ಲಿ ಮುಕ್ತವಾದ ಟೆಸರಾಕ್ಟ್ ಇದೆ. ಅದಕ್ಕೆ ಕನ್ನಡ ಓದಲು ಬರುತ್ತದೆ.

ತಂತ್ರಾಂಶಗಳ ಜೊತೆಗೇ ಉಪಾಯಗಳೂ ಬೆಳೆದವು. ಹಿಂದಿನದಕ್ಕೆ ಮರಳಲು, ಕತ್ತರಿಸಲು, ನಕಲಿಸಲು, ಅಂಟಿಸಲು ಬಳಸುವ ಝಡ್, ಎಕ್ಸ್, ಸಿ, ವಿ ಕೀಲಿಗಳ ಸಾಲು 1983ರ ಆಪಲ್ ಲೀಸಾದಿಂದ ಬಂದದ್ದು. ಕತ್ತರಿಸು-ಅಂಟಿಸು ಎಂಬ ಕಲ್ಪನೆಯನ್ನು ಅದಕ್ಕೂ ಮೊದಲು ಜೆರಾಕ್ಸ್ ಸಂಸ್ಥೆಯಲ್ಲಿ ರೂಪಿಸಿದವರು ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್. ಅಳಿಸಿದ ಕಡತವನ್ನು ಮರಳಿ ತರಬಹುದೆಂದು 1982ರಲ್ಲೇ ತೋರಿಸಿದವರು ಪೀಟರ್ ನಾರ್ಟನ್. ಆಗಿನ ಪಿಸಿಗಳ ಕಾರ್ಯಾಚರಣಾ ವ್ಯವಸ್ಥೆ ಡಾಸ್‌ನಲ್ಲಿ ಕಡತ ಅಳಿಸಿದರೆ ಹೆಸರಿನ ಮೊದಲಕ್ಷರದ ಜಾಗದಲ್ಲಿ ಒಂದು ಗುರುತು ಬೀಳುತ್ತಿತ್ತು, ಆ ಜಾಗ ಖಾಲಿ ಎಂದು ದಾಖಲಾಗುತ್ತಿತ್ತು. ಒಳಗಿನ ಮಾಹಿತಿ ಮಾತ್ರ ಅಲ್ಲೇ ಇರುತ್ತಿತ್ತು. ಪೆನ್‌ಡ್ರೈವ್, ಮೆಮೊರಿ ಕಾರ್ಡುಗಳಲ್ಲಿ ಇಂದಿಗೂ ಬಹುಮಟ್ಟಿಗೆ ಹೀಗೆಯೇ. ಆದ್ದರಿಂದ ಫೋಟೊ ಅಳಿಸಿಹೋದರೆ ಆ ಕಾರ್ಡಿಗೆ ಇನ್ನೇನನ್ನೂ ಬರೆಯದೆ ಕೂಡಲೇ ಹೊರತೆಗೆದು, ಫೋಟೊರೆಕ್ ಎಂಬ ಮುಕ್ತ ತಂತ್ರಾಂಶದಿಂದ ಹುಡುಕಿಸಬೇಕು. ಈಗಿನ ಎಸ್‌ಎಸ್‌ಡಿಗಳಲ್ಲಿ ಮಾತ್ರ 'ಟ್ರಿಮ್' ಎಂಬ ವ್ಯವಸ್ಥೆ ಖಾಲಿ ಜಾಗವನ್ನು ಬೇಗನೆ ಒರೆಸಿಬಿಡುವುದರಿಂದ ಈ ಆಸೆ ಕಡಿಮೆ.

ಉಪಾಯಗಳಿಗೂ ಆಯಸ್ಸಿದೆ. ಡಿಸ್ಕನ್ನು ಆಗಾಗ ಡಿಫ್ರಾಗ್ ಮಾಡಿ (ಚದುರಿದ ಕಡತದ ತುಣುಕುಗಳನ್ನು ಒಟ್ಟುಗೂಡಿಸಿ) ಎಂಬುದು ತೊಂಬತ್ತರ ದಶಕದ ಒಳ್ಳೆಯ ಸಲಹೆ. ವಿಸ್ಟಾದಿಂದೀಚೆಗೆ ವಿಂಡೋಸ್ ಅದನ್ನು ತಾನೇ ಮಾಡಿಕೊಳ್ಳುತ್ತದೆ, ಎಸ್‌ಎಸ್‌ಡಿಗೆ ಅದರ ಅಗತ್ಯವೂ ಇಲ್ಲ. ಪಾಸ್‌ವರ್ಡನ್ನು ಮೇಲಿಂದ ಮೇಲೆ ಬದಲಿಸಬೇಕೆಂಬ ನಿಯಮವನ್ನು ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿಯೇ 2017ರಲ್ಲಿ ಕೈಬಿಟ್ಟಿತು. ಉದ್ದನೆಯ, ಒಂದೊಂದು ಖಾತೆಗೂ ಬೇರೆ ಪಾಸ್‌ವರ್ಡ್ ಇಟ್ಟು, 2003ರಿಂದ ಇರುವ ಕೀಪಾಸ್‌ನಂಥ ಪಾಸ್‌ವರ್ಡ್ ಕೋಶದಲ್ಲಿ ಕಾಪಿಡುವುದು ಈಗಿನ ರೂಢಿ. ವಿಂಡೋಸಿನ ಸೆಟ್ಟಿಂಗುಗಳ ಕೋಶವಾದ ರಿಜಿಸ್ಟ್ರಿಯ ಶುದ್ಧೀಕರಣವಂತೂ ಉಪಕಾರಕ್ಕಿಂತ ಅಪಾಯವೇ ಹೆಚ್ಚಿರುವ ಕೆಲಸ. ಹಳತಾಗದೆ ಉಳಿದದ್ದು ಛಾಯಾಗ್ರಾಹಕ ಪೀಟರ್ ಕ್ರೋಗ್ ಹೇಳಿದ 3-2-1 ಬ್ಯಾಕಪ್ ಸೂತ್ರ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯಿಂದ ಹೊರಗೆ.

ಉಚಿತದ ಹೆಸರಿನಲ್ಲಿ ಮೋಸವೂ ನಡೆದಿದೆ. 2011ರಲ್ಲಿ ಡೌನ್‌ಲೋಡ್ ಡಾಟ್ ಕಾಮ್ ತಾಣ ಎನ್‌ಮ್ಯಾಪ್ ಎಂಬ ಮುಕ್ತ ತಂತ್ರಾಂಶದ ಜೊತೆ ಕೇಳದ ಟೂಲ್‌ಬಾರ್ ಸೇರಿಸಿ ಕೊಟ್ಟಿದ್ದು ಬಯಲಾಯಿತು. 2017ರಲ್ಲಿ ಕಂಪ್ಯೂಟರ್ ಶುಚಿಗೊಳಿಸುವ ಜನಪ್ರಿಯ ತಂತ್ರಾಂಶ ಸಿಕ್ಲೀನರ್‌ನ 5.33 ಆವೃತ್ತಿಯೊಳಗೆ ದಾಳಿಕೋರರು ಕುತಂತ್ರಾಂಶ ನುಸುಳಿಸಿದ್ದರು. ಅದು ಹೋದದ್ದು ಅಧಿಕೃತ ದಾರಿಯಲ್ಲೇ, ಸುಮಾರು 22 ಲಕ್ಷ ಕಂಪ್ಯೂಟರುಗಳಿಗೆ. ಅಸಲಿ ತಾಣದಿಂದಲೇ ಇಳಿಸಿಕೊಳ್ಳಬೇಕೆಂಬುದು ಸರಿ. ಅದರ ಜೊತೆಗೆ, ಬೇಡದ ತಂತ್ರಾಂಶವನ್ನು ಹಾಕಿಕೊಳ್ಳದಿರುವುದೂ ರಕ್ಷಣೆಯೇ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11 ಒಪ್ಪದ, ಆದರೆ ಚೆನ್ನಾಗಿ ನಡೆಯುತ್ತಿರುವ ಯಂತ್ರಗಳು ಮನೆಮನೆಯಲ್ಲಿವೆ. ಅವನ್ನು ಗುಜರಿಗೆ ಹಾಕುವ ಮೊದಲು ಕಡತಗಳನ್ನೆಲ್ಲ ಬೇರೆಡೆಗೆ ನಕಲಿಸಿ, ಲಿನಕ್ಸ್ ಮಿಂಟನ್ನು ಪೆನ್‌ಡ್ರೈವ್‌ನಿಂದಲೇ ಒಮ್ಮೆ ಓಡಿಸಿ ನೋಡಿ. ಡಿಸ್ಕಿನಲ್ಲಿರುವುದು ಏನೂ ಬದಲಾಗದು. ವೈಫೈ ಸಿಗುತ್ತದೆಯೇ, ಪ್ರಿಂಟರ್ ನಡೆಯುತ್ತದೆಯೇ ಎಂದು ಪರೀಕ್ಷಿಸಿ. ಅದರ ಕೀಲಿಮಣೆಗಳ ಪಟ್ಟಿಯಲ್ಲಿ ಕನ್ನಡದ ಕಗಪ ವಿನ್ಯಾಸವೂ ಇದೆ.