ಹೊಗೆಗೊಳವೆ

ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡುವವಳಿಗೆ ಗಾಡಿಯ ಹೊಗೆಯ ಗೊಡವೆ ಯಾಕೆ ಎಂದು ನೀವು ಕೇಳಬಹುದು. ನನಗೂ ಮೊದಲು ಹಾಗೆಯೇ ಅನ್ನಿಸಿತ್ತು.

ಮಗಳ ಬಾಣಂತನಕ್ಕೆಂದು ಅಮೆರಿಕದ ಕೊಲೊರಾಡೊಗೆ ಹೋಗಿದ್ದೆ. ಅಳಿಯಂದಿರ ಹತ್ತಿರ ಒಂದು ಡೀಸೆಲ್ ಪಿಕಪ್ ಇತ್ತು. ನಮ್ಮೂರಿನ ಸಂತೆಗೆ ತರಕಾರಿ ತರುವ ಗಾಡಿಯ ಹಾಗಲ್ಲ, ಹತ್ತಲು ಮೆಟ್ಟಿಲು ಬೇಕು. ಕೊಂಡಿದ್ದು ಸೆಕೆಂಡ್ ಹ್ಯಾಂಡ್. ಹೊಗೆ ಸೋಸುವ ಫಿಲ್ಟರ್ ಕಟ್ಟಿಕೊಂಡು ಗಾಡಿ ಮೇಲಿಂದ ಮೇಲೆ ಮುಷ್ಕರ ಹೂಡುತ್ತಿತ್ತು. ಹೊಸ ಫಿಲ್ಟರಿಗೆ ಸಾವಿರಾರು ಡಾಲರ್.

"ಕಿತ್ತು ಹಾಕಿಸಿಬಿಡೋಣ ಅಂತಿದೀನಿ ಅತ್ತೆ. ಇಲ್ಲಿ ಅದಕ್ಕೆ ಡಿಲೀಟ್ ಅಂತಾರೆ. ಎಷ್ಟೋ ಜನ ಮಾಡಿಸಿದಾರೆ" ಎಂದರು.

ನಾನು ಮಾತಾಡಲಿಲ್ಲ. ಅಳಿಯನ ಮನೆಯಲ್ಲಿ ಇರುವಾಗ ನಾಲಿಗೆ ಹಿಡಿತದಲ್ಲಿರಬೇಕು ನೋಡಿ. ಆದರೆ ಮೊಮ್ಮಗಳು ಮಲಗಿದಾಗ ಕೂತು ಓದಿದೆ.

ಅಮೆರಿಕದವರು ಗಾಳಿಯ ಕಾಯಿದೆಯನ್ನು ಬಿಗಿ ಮಾಡಿದ್ದು 1970ರಲ್ಲಿ. ಹೊಗೆ ತಡೆಯುವ ಸಾಧನವನ್ನು ಕೀಳಬಾರದು ಎಂಬ ಕಟ್ಟಳೆ ಮೊದಲು ತಯಾರಕರಿಗೆ, ಮಾರುವವರಿಗೆ ಮಾತ್ರ ಇತ್ತು. 1977ರಲ್ಲಿ ರಿಪೇರಿ ಅಂಗಡಿಗಳವರೂ ಅದರೊಳಗೆ ಬಂದರು. 1990ರ ತಿದ್ದುಪಡಿ ಗಾಡಿಯ ಒಡೆಯನನ್ನೂ ಬಿಡಲಿಲ್ಲ. 2006ರಲ್ಲಿ ಗಂಧಕ ತೀರಾ ಕಡಿಮೆ ಇರುವ ಡೀಸೆಲ್ ಬಂತು. 2007ರ ಮಾದರಿಗಳಿಂದ ದೊಡ್ಡ ಪಿಕಪ್‌ಗಳಿಗೆ ಫಿಲ್ಟರ್ ಬಂತು. ಜೇನುಗೂಡಿನಂಥ ಅದರ ಸಣ್ಣ ಕಿಂಡಿಗಳಲ್ಲಿ ಮಸಿ ಸಿಕ್ಕಿಕೊಳ್ಳುತ್ತದೆ. ಆಗಾಗ ಸುಮಾರು 600 ಡಿಗ್ರಿ ಕಾವಿನಲ್ಲಿ ಆ ಮಸಿ ಸುಟ್ಟುಹೋಗುತ್ತದೆ. ಉಳಿದ ಬೂದಿಯನ್ನು ಮಾತ್ರ ಯಾರಾದರೂ ತೆಗೆಯಬೇಕು. ಆಮೇಲೆ ಯೂರಿಯಾ ನೀರೂ ಬಂತು, ನಮ್ಮ ರೈತರು ಗದ್ದೆಗೆ ಹಾಕುವ ಅದೇ ಯೂರಿಯಾ. ಅದು ಹೊಗೆಯಲ್ಲಿರುವ ವಿಷದ ನೈಟ್ರೋಜನ್ ಆಕ್ಸೈಡುಗಳನ್ನು ಬರೀ ನೈಟ್ರೋಜನ್ ಮತ್ತು ನೀರಾಗಿಸುತ್ತದೆ.

ಡಿಲೀಟ್ ಎಂದರೆ ಇದನ್ನೆಲ್ಲ ಕತ್ತರಿಸಿ ಬರಿ ಕೊಳವೆ ಕೂಡಿಸುವುದು, ಎಲ್ಲವೂ ಸರಿಯಿದೆ ಎಂದು ಗಾಡಿಯ ಕಂಪ್ಯೂಟರಿಗೆ ಸುಳ್ಳು ಕಲಿಸುವುದು. ಡೀಸೆಲ್ ಹೊಗೆಯಿಂದ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗಸಂಸ್ಥೆ 2012ರಲ್ಲೇ ಸಾರಿತ್ತು. ಆದರೂ ಹತ್ತು ವರ್ಷಗಳಲ್ಲಿ 5.5 ಲಕ್ಷಕ್ಕೂ ಹೆಚ್ಚು ಪಿಕಪ್‌ಗಳು ಹೀಗಾಗಿದ್ದವೆಂದು ಅಲ್ಲಿನ ಪರಿಸರ ಇಲಾಖೆ 2020ರಲ್ಲಿ ಲೆಕ್ಕ ಕೊಟ್ಟಿತು. ಗಾಳಿಯ ಮಟ್ಟಿಗೆ ಅದು, ಸರಿಯಾಗಿರುವ 90 ಲಕ್ಷಕ್ಕೂ ಹೆಚ್ಚು ಪಿಕಪ್‌ಗಳನ್ನು ಹೊಸದಾಗಿ ರಸ್ತೆಗೆ ಬಿಟ್ಟಂತೆ.

ಓದುತ್ತಾ ಓದುತ್ತಾ ನಮ್ಮ ಹಳೆಯ ಅಡುಗೆಮನೆ ಕಣ್ಣಮುಂದೆ ಬಂತು.

ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಅಸ್ತ್ರ ವಿಭಾಗದವರು ಸೌದೆ ಉಳಿಸುವ, ಹೊಗೆ ಹೊರಗೆ ಕಳಿಸುವ ಒಲೆ ರೂಪಿಸಿದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಮನೆಗೂ ಆ ಅಸ್ತ್ರ ಒಲೆ ಬಂತು. ಅಮ್ಮ ಊದುಗೊಳವೆಯನ್ನು ಅಟ್ಟಕ್ಕೆ ಎಸೆದಳು. ಸಾರು ಕುದಿಸುತ್ತಾ ಕಣ್ಣೊರೆಸಿಕೊಳ್ಳದ ಅಮ್ಮನನ್ನು ನಾನು ನೋಡಿದ್ದು ಆಗಲೇ.

ಆದರೆ ಹೊಗೆಗೊಳವೆಗೆ ಮಸಿ ಕಟ್ಟುತ್ತಿತ್ತು. ಆಗಾಗ ಏಣಿ ಹತ್ತಿ ತೆಗೆಯಬೇಕು. ಯಾರೂ ಹತ್ತಲಿಲ್ಲ. ಮಳೆಗಾಲದಲ್ಲಿ ಹೆಂಚಿನ ಸಂದಿಯಿಂದ ನೀರೂ ಸೋರಿತು. ಅಪ್ಪ ಒಂದು ದಿನ ಕೊಳವೆಯನ್ನೇ ಕಿತ್ತು, ತೂತಿಗೆ ಹೆಂಚು ಹೊದಿಸಿಬಿಟ್ಟರು. ಅಪ್ಪ ಕೆಟ್ಟವರಲ್ಲ. ಸೋರುವುದು ನಿಂತಿತಲ್ಲ ಎಂದು ಸಮಾಧಾನಪಟ್ಟರು. ಒಲೆಯ ಮುಂದೆ ಕೂರುವವರು ಅವರಾಗಿರಲಿಲ್ಲ, ಅಷ್ಟೆ. ಅಮ್ಮ ಅಟ್ಟ ಹತ್ತಿ ಊದುಗೊಳವೆ ಹುಡುಕಿದಳು. ಅವಳ ಕೆಮ್ಮು ಕೊನೆಯವರೆಗೂ ಹೋಗಲಿಲ್ಲ. ಹೊಗೆಯಿಂದಲೇ ಎಂದು ಯಾವ ಡಾಕ್ಟರೂ ಬರೆದುಕೊಡಲಿಲ್ಲ, ನಾವೂ ಕೇಳಲಿಲ್ಲ.

ರಾತ್ರಿ ಊಟಕ್ಕೆ ಬಡಿಸುವಾಗ ಅಳಿಯಂದಿರಿಗೆ ಇದಿಷ್ಟನ್ನೂ ಹೇಳಿದೆ. ಪಿಕಪ್ ಮಾತೆತ್ತಲಿಲ್ಲ. "ಫಿಲ್ಟರಿನ ಖರ್ಚು ನಿಮ್ಮದು ನಿಜ. ಆದರೆ ಹೊಗೆ ಹಿಂದೆ ನಿಂತವರದ್ದಲ್ಲವೇ?" ಎಂದು ಬಾಯಿತುದಿಗೆ ಬಂದಿದ್ದನ್ನು ಅನ್ನದ ಜೊತೆ ನುಂಗಿಕೊಂಡೆ. ಮಗಳು ತಲೆ ತಗ್ಗಿಸಿ ಊಟ ಮಾಡುತ್ತಿದ್ದಳು. ಅವಳಿಗೆ ಅಜ್ಜಿಯ ಕೆಮ್ಮು ನೆನಪಿದೆ.

ಮುಂದಿನ ವಾರ ಅವರು ಫಿಲ್ಟರ್ ಬಿಚ್ಚಿಸಿದರು. ನನ್ನೆದೆ ಧಸಕ್ಕೆಂದಿತು. ಸಂಜೆ ಕೈ ತೊಳೆಯುತ್ತಾ, "ಕ್ಲೀನ್ ಮಾಡಿಸಿ ಮತ್ತೆ ಹಾಕಿಸಿದೆ ಅತ್ತೆ. ಹೊಸದರಷ್ಟು ಖರ್ಚಾಗಲಿಲ್ಲ" ಎಂದರು. ನನ್ನ ಕಥೆಗೋ, ಉಳಿದ ದುಡ್ಡಿಗೋ, ನಾನು ಕೇಳಲಿಲ್ಲ.

ಆ ಏಣಿ ನಮ್ಮ ಹಿತ್ತಿಲಿನ ಗೋಡೆಗೇ ಒರಗಿರುತ್ತಿತ್ತು. ನಾನೂ ಹತ್ತಬಹುದಿತ್ತು.